ಕಂಟ್ರೋಲ್ ರಾಕೆಟ್ಟಿನ ಎರಡನೇ ಗಂಟೆ

ಟೆನಿಸ್ ರಾಕೆಟ್ ಕಂಪನಿಗಳು ತಮ್ಮ ಸರಕನ್ನು ಹೆಚ್ಚುಕಡಿಮೆ ಮೂರು ಗುಂಪು ಮಾಡಿ ಮಾರುತ್ತವೆ: ಪವರ್, ಸ್ಪಿನ್, ಕಂಟ್ರೋಲ್. ನಮ್ಮಂಥ ವಾರಾಂತ್ಯದ ಆಟಗಾರರಿಗೆ ಮೂರನೆಯ ಪದದ ಮೇಲೆ ಒಂಥರಾ ಮೋಹ. ಹೊಡೆದ ಬಾಲ್ ಹಿಂದಿನ ಬೇಲಿಗೆ ಬಡಿಯುತ್ತಿದೆ, ಅಂದರೆ ನನಗೆ ಕಂಟ್ರೋಲ್ ಇಲ್ಲ, ಅಂದರೆ ಕಂಟ್ರೋಲ್ ಇರುವ ರಾಕೆಟ್ ಕೊಳ್ಳಬೇಕು. ತರ್ಕ ಕೇಳುವುದಕ್ಕೆ ಚೆನ್ನಾಗಿದೆ. ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನ ತರ್ಕ ಅದು.

ಈ ಅಂಕಣದಲ್ಲಿ ಹಿಂದೊಮ್ಮೆ ಮೊಣಕೈ ನೋವಿನ ಬಗ್ಗೆ ಬರೆದಿದ್ದೆ. ಅಂದಿನಿಂದ ಬರುತ್ತಿರುವ ಪ್ರಶ್ನೆಗಳೆಲ್ಲ ಒಂದೇ ಧಾಟಿಯವು. ವಯಸ್ಸು ಮೂವತ್ತೈದರಿಂದ ನಲವತ್ತೈದು, ದಿನವಿಡೀ ಲ್ಯಾಪ್‌ಟಾಪ್, ವಾರಕ್ಕೆ ಎರಡು-ಮೂರು ದಿನ ಸೊಸೈಟಿ ಕೋರ್ಟಿನಲ್ಲಿ ಆಟ, ಕೈಯಲ್ಲಿ ಗಟ್ಟಿ ಫ್ರೇಮಿನ ಪವರ್ ರಾಕೆಟ್. ಬಾಲ್ ಉದ್ದ ಹೋಗುತ್ತದೆ, ಕೈ ನೋಯುತ್ತದೆ, ಬದಲಾಯಿಸಲಾ? ಪುಣೆಯಲ್ಲಿ ಹನ್ನೆರಡು ವರ್ಷದಿಂದ ಇರುವ ನನ್ನ ಜಾತಕವೂ ಇದೇ ಆದ್ದರಿಂದ, ಅಂಗಡಿಯಲ್ಲಿ ಠೇವಣಿ ಇಟ್ಟು ಒಂದು ಡೆಮೊ ರಾಕೆಟ್ ತಂದು ಆರು ವಾರ ಆಡಿದೆ. ಈ ಕಂತು ಆ ಆರು ವಾರದ ವರದಿ.

ನನ್ನ ಹಳೆಯದು ಬಾಬೊಲಾ ಪ್ಯೂರ್ ಡ್ರೈವ್. ಭಾರತದ ಯಾವ ಕ್ಲಬ್ಬಿಗೆ ಹೋದರೂ ಬೆಂಚಿನ ಮೇಲೆ ಒಂದಾದರೂ ನೀಲಿ ಪ್ಯೂರ್ ಡ್ರೈವ್ ಕಾಣಿಸುತ್ತದೆ. 100 ಚದರ ಇಂಚಿನ ಹೆಡ್, ಗಟ್ಟಿಂಗ್ ಇಲ್ಲದೆ 300 ಗ್ರಾಂ ತೂಕ, ಫ್ರೇಮಿನ ದಪ್ಪ ಬುಡದಲ್ಲೂ ತುದಿಯಲ್ಲೂ 23 ಮಿ.ಮೀ., ನಡುವೆ 26. ಪರೀಕ್ಷೆಗೆ ತಂದದ್ದು ವಿಲ್ಸನ್ ಬ್ಲೇಡ್ 98, 2024ರಲ್ಲಿ ಬಂದ ಒಂಬತ್ತನೇ ಆವೃತ್ತಿ, 16 ಉದ್ದ 19 ಅಡ್ಡ ಸ್ಟ್ರಿಂಗಿನದು. ಹೆಡ್ 98 ಚದರ ಇಂಚು, ತೂಕ 305 ಗ್ರಾಂ, ದಪ್ಪ ಬುಡದಿಂದ ತುದಿಯವರೆಗೂ ಒಂದೇ ಸಮ 21 ಮಿ.ಮೀ. ಎರಡರ ಬ್ಯಾಲೆನ್ಸೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಕಾಗದದ ಮೇಲೆ ನೋಡಿದರೆ ಎರಡು ಚದರ ಇಂಚು, ಐದು ಗ್ರಾಂ ವ್ಯತ್ಯಾಸ. ಇದಕ್ಕೇನು ದೊಡ್ಡ ಗಲಾಟೆ ಅನ್ನಿಸುತ್ತದೆ.

ಗಲಾಟೆ ಇರುವುದು ದಪ್ಪದಲ್ಲಿ. ಬಾಲ್ ಸ್ಟ್ರಿಂಗಿನ ಮೇಲೆ ಇರುವುದು ಸುಮಾರು 5 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಇನ್ನೂರನೇ ಒಂದು ಭಾಗ. ಆ ಹೊಡೆತಕ್ಕೆ ಫ್ರೇಮ್ ಹಿಂದಕ್ಕೆ ಬಾಗುತ್ತದೆ. ತೆಳ್ಳಗಿನ ಫ್ರೇಮ್ ಬಾಗಿ ಮತ್ತೆ ನೆಟ್ಟಗಾಗುವಷ್ಟರಲ್ಲಿ ಬಾಲ್ ಹೊರಟು ಹೋಗಿರುತ್ತದೆ. ಬಾಗುವುದಕ್ಕೆ ಖರ್ಚಾದ ಶಕ್ತಿ ಬಾಲಿಗೆ ವಾಪಸ್ ಸಿಗುವುದಿಲ್ಲ. ದಪ್ಪ, ಗಟ್ಟಿ ಫ್ರೇಮ್ ಬಾಗುವುದೇ ಕಡಿಮೆ, ಆದ್ದರಿಂದ ನಷ್ಟವೂ ಕಡಿಮೆ. ಈ ಗಟ್ಟಿತನವನ್ನು ಅಳೆಯುವ ಆರ್‌ಎ ಎಂಬ ಸೂಚ್ಯಂಕದಲ್ಲಿ ಪ್ಯೂರ್ ಡ್ರೈವ್ 70ರ ಆಸುಪಾಸು, ಬ್ಲೇಡ್ 60ರ ಆಸುಪಾಸು ನಿಲ್ಲುತ್ತವೆ. ಹಾಗಾಗಿ ಕಂಪನಿ 'ಕಂಟ್ರೋಲ್' ಎಂದು ಬರೆದಲ್ಲಿ ನೀವು 'ಪವರ್ ಕಡಿಮೆ' ಎಂದು ಓದಿಕೊಂಡರೆ ಮುಕ್ಕಾಲು ಪಾಲು ಸರಿ. ರಾಕೆಟ್ ಗುರಿ ಹಿಡಿಯುವುದಿಲ್ಲ. ನೀವು ಪೂರ್ತಿ ಬೀಸಿದರೂ ಬಾಲ್ ಕೋರ್ಟ್ ದಾಟದಂತೆ ಇರುತ್ತದೆ, ಅಷ್ಟೇ. ಪೂರ್ತಿ ಬೀಸಿದಾಗ ಟಾಪ್‌ಸ್ಪಿನ್ ಹೆಚ್ಚು ಬರುತ್ತದೆ, ಸ್ಪಿನ್ ಬಾಲನ್ನು ಕೆಳಗೆ ಎಳೆಯುತ್ತದೆ, ಬಾಲ್ ಒಳಗೆ ಬೀಳುತ್ತದೆ. ನಾವು ಕಂಟ್ರೋಲ್ ಎಂದು ಕರೆಯುವುದು ಈ ಇಡೀ ಸರಪಳಿಯನ್ನು.

ಇದಕ್ಕೆ ಒಳ್ಳೆಯ ಸಾಕ್ಷಿ ಅರಿನಾ ಸಬಲೆಂಕಾ. ಮಹಿಳಾ ಟೆನಿಸ್‌ನಲ್ಲಿ ಅವರಷ್ಟು ಬಿರುಸಾಗಿ ಹೊಡೆಯುವವರು ಕಡಿಮೆ, ಅವರ ಕೈಯಲ್ಲಿರುವುದು ಬ್ಲೇಡ್. ಶಕ್ತಿ ಅವರ ಹತ್ತಿರವೇ ಧಾರಾಳವಾಗಿದೆ, ರಾಕೆಟ್ಟಿನಿಂದ ಸಾಲ ತರಬೇಕಿಲ್ಲ. ಈಗ ಸರಪಳಿಯ ಮೊದಲ ಕೊಂಡಿಯನ್ನು ಇನ್ನೊಮ್ಮೆ ನೋಡಿ: ಪೂರ್ತಿ ಬೀಸಬೇಕು. ಬೀಸಲಾಗದ ಹೊತ್ತಿನಲ್ಲಿ ಏನಾಗುತ್ತದೆ? ನನ್ನ ಆರು ವಾರದ ಪರೀಕ್ಷೆ ಕೊನೆಗೆ ಈ ಒಂದು ಪ್ರಶ್ನೆಗೆ ಬಂದು ನಿಂತಿತು.

ನಾವು ಸಾಫ್ಟ್‌ವೇರಿನವರು ಎರಡು ಆವೃತ್ತಿಗಳನ್ನು ಹೋಲಿಸುವಾಗ ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಹಾಗೇ ಇಡುತ್ತೇವಲ್ಲ, ಇಲ್ಲೂ ಹಾಗೇ ಮಾಡಿದೆ. ಎರಡೂ ರಾಕೆಟ್ಟಿಗೆ ಒಂದೇ ಪಾಲಿಯೆಸ್ಟರ್ ಸ್ಟ್ರಿಂಗ್, ಒಂದೇ 52 ಪೌಂಡ್ ಬಿಗಿ, ಒಂದೇ ದಿನ ಒಂದೇ ಅಂಗಡಿಯಲ್ಲಿ ಗಟ್ಟಿಂಗ್. ಒಂದೇ ಡಬ್ಬಿಯ ಬಾಲ್. ಗ್ರಿಪ್ ಸೈಜ್ ಒಂದೇ. ಹೊಸ ರಾಕೆಟ್ಟಿಗೆ ಹೊಸ ಗಟ್ಟಿಂಗ್, ಹಳೆಯದಕ್ಕೆ ಎಂಟು ತಿಂಗಳ ಸತ್ತ ಗಟ್ಟಿಂಗ್ ಇಟ್ಟುಕೊಂಡು ಹೋಲಿಸಿದರೆ ನೀವು ಹೋಲಿಸುತ್ತಿರುವುದು ಗಟ್ಟಿಂಗನ್ನು. ಅಂಗಡಿಯ ಮುಂದೆ ನಾಲ್ಕು ಬಾಲ್ ತಟ್ಟಿ ನೋಡಿ 'ಆಹಾ, ಬೆಣ್ಣೆ' ಅನ್ನುವವರ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೋರ್ಟಿನಲ್ಲಿ ಎಣಿಸಿದ್ದು ಒಂದನ್ನೇ: ಆಳ. ಸರ್ವಿಸ್ ಲೈನಿನಿಂದ ಬೇಸ್‌ಲೈನಿಗೆ 5.49 ಮೀಟರ್ ಇದೆ. ಅದರ ನಡುವೆ ಅಡ್ಡಲಾಗಿ ಒಂದು ಹಗ್ಗ ಹಾಸಿ, ನಮ್ಮ ಮಾರ್ಕರ್ ಆಚೆಯಿಂದ ಕೊಡುವ ಬಾಲನ್ನು ಹಗ್ಗದ ಹಿಂದೆ ಬೀಳಿಸಬೇಕು. ಫೋರ್‌ಹ್ಯಾಂಡ್ ಇಪ್ಪತ್ತು, ಬ್ಯಾಕ್‌ಹ್ಯಾಂಡ್ ಇಪ್ಪತ್ತು. ಆಟದ ಶುರುವಿನಲ್ಲಿ ಒಮ್ಮೆ, ಒಂದೂವರೆ ಗಂಟೆ ಡಬಲ್ಸ್ ಆಡಿದ ಮೇಲೆ ಇನ್ನೊಮ್ಮೆ. ಎರಡನೆಯದನ್ನು ಯಾರೂ ಮಾಡುವುದಿಲ್ಲ. ಮಾಡಲೇಬೇಕಾದದ್ದು ಅದೇ.

ಮೊದಲ ಮುಕ್ಕಾಲು ಗಂಟೆ ಬ್ಲೇಡ್ ಅದ್ಭುತ. ಉತ್ಪ್ರೇಕ್ಷೆಯಲ್ಲ. ಪ್ಯೂರ್ ಡ್ರೈವಿನಲ್ಲಿ ಕ್ರಾಸ್‌ಕೋರ್ಟ್ ಫೋರ್‌ಹ್ಯಾಂಡ್ ಹೊಡೆಯುವಾಗ ಎಲ್ಲಿ ಉದ್ದವಾಗುತ್ತದೋ ಎಂದು ಕೈ ಕೊನೆಯ ಕ್ಷಣದಲ್ಲಿ ಬಿಗಿಹಿಡಿಯುತ್ತದೆ. ಬಿಗಿಹಿಡಿದಾಗಲೇ ಬಾಲ್ ಇನ್ನೂ ಉದ್ದ ಹೋಗುವುದು. ಬ್ಲೇಡಿನಲ್ಲಿ ಆ ಭಯ ಎರಡನೇ ದಿನಕ್ಕೇ ಹೋಯಿತು. ಬಾಲ್ ಸ್ಟ್ರಿಂಗಿನಿಂದ ತುಸು ತಗ್ಗಿನ ಕೋನದಲ್ಲಿ ಹೊರಡುತ್ತದೆ, ಎಲ್ಲಿಗೆ ಹೋಗುತ್ತದೆಂದು ಕೈಗೆ ಮೊದಲೇ ಗೊತ್ತಾದ ಹಾಗೆ. ಸ್ಲೈಸ್ ಬ್ಯಾಕ್‌ಹ್ಯಾಂಡ್ ನೆಟ್ಟಿನ ಮೇಲೆ ಸವರಿಕೊಂಡು ಹೋಗಿ ಆಚೆ ಏಳದೆ ಜಾರುತ್ತದೆ. ನೆಟ್ಟಿನ ಹತ್ತಿರ ವಾಲಿಯಂತೂ ಹೋಲಿಕೆಯೇ ಇಲ್ಲ. ಹಳೆಯ ರಾಕೆಟ್ಟಿನಲ್ಲಿ ಬಾಲ್ ಚಿಮ್ಮಿ ಹೋಗುತ್ತಿತ್ತು, ಇದರಲ್ಲಿ ಇಟ್ಟ ಜಾಗದಲ್ಲಿ ಕೂರುತ್ತದೆ.

ನನ್ನ ಡಬಲ್ಸ್ ಜೊತೆಗಾರರು ಬೆಳಗಾವಿ ಕಡೆಯವರು, ಐವತ್ತೈದು ದಾಟಿದ್ದಾರೆ, ಇಡೀ ಸೊಸೈಟಿಗೆ ಕಾಕಾ. ಮೊದಲ ಸೆಟ್ 6-2 ಮುಗಿದಾಗ ಅವರು ನನ್ನ ರಾಕೆಟ್ಟನ್ನೇ ನೋಡಿದರು.

"ಏನ್ರೀ, ಇವತ್ತ ಎಲ್ಲಾ ಬಾಲ್ ಒಳಗ ಬೀಳಾಕತ್ತಾವಲ್ಲ! ಬ್ಯಾಟಿಂದ ಕಮಾಲ್ ಏನು?"

ಎರಡನೇ ಸೆಟ್ಟಿನ ಮಧ್ಯದಲ್ಲಿ ಅದೇ ಕಾಕಾ, ಅದೇ ದನಿಯಲ್ಲಿ ಅಲ್ಲ: "ಯಾಕ್ರೀ, ಬಾಲ್ ಅರ್ಧಕ್ಕ ನಿಂದ್ರಾಕತ್ತಾವು?"

ನಿಲ್ಲುತ್ತಿದ್ದವು, ನಿಜ. ಕಾಲು ಸೋತಾಗ ನಾವು ಬಾಲಿನ ಹತ್ತಿರ ಹೋಗುವುದಿಲ್ಲ, ಕೈ ಚಾಚುತ್ತೇವೆ. ಹೊಡೆತ ದೇಹದ ಮುಂದೆ ಆಗುವ ಬದಲು ಪಕ್ಕದಲ್ಲಿ ಆಗುತ್ತದೆ, ಬೀಸು ಅರ್ಧವಾಗುತ್ತದೆ. ಅರ್ಧ ಬೀಸಿಗೆ ಪ್ಯೂರ್ ಡ್ರೈವ್ ತನ್ನ ಕಡೆಯಿಂದ ಏನೋ ಸೇರಿಸಿ ಬಾಲನ್ನು ಆಳಕ್ಕೆ ತಲುಪಿಸುತ್ತದೆ. ಬ್ಲೇಡ್ ಸೇರಿಸುವುದಿಲ್ಲ. ನೀವು ಅರ್ಧ ಕೊಟ್ಟರೆ ಅದೂ ಅರ್ಧ ಕೊಡುತ್ತದೆ. ಬಾಲ್ ಸರ್ವಿಸ್ ಲೈನಿನ ಮೇಲೆ ಬೀಳುತ್ತದೆ, ಎದುರಾಳಿ ಎರಡು ಹೆಜ್ಜೆ ಮುಂದೆ ಬಂದು ಕಾಕಾ ಕಾಲಿನ ಹತ್ತಿರ ಹೊಡೆಯುತ್ತಾನೆ. ಹಗ್ಗದ ಪರೀಕ್ಷೆಯಲ್ಲೂ ಅದೇ ಚಿತ್ರ. ಆಟದ ಶುರುವಿನಲ್ಲಿ ಬ್ಲೇಡ್ ಸ್ಪಷ್ಟವಾಗಿ ಮುಂದೆ, ಹೊರಗೆ ಹೋದ ಬಾಲುಗಳು ಬೆರಳೆಣಿಕೆಯಷ್ಟು. ಕೊನೆಯಲ್ಲಿ ಪ್ಯೂರ್ ಡ್ರೈವ್ ಮುಂದೆ. ಅದರ ತಪ್ಪುಗಳು ಬೇಸ್‌ಲೈನಿನ ಆಚೆ, ಬ್ಲೇಡಿನ ತಪ್ಪುಗಳು ಹಗ್ಗದ ಈಚೆ. ಆಚೆ ಬಿದ್ದರೆ ಒಂದು ಪಾಯಿಂಟ್ ಹೋಗುತ್ತದೆ. ಈಚೆ ಬಿದ್ದರೂ ಹೋಗುತ್ತದೆ, ಎರಡು ಹೊಡೆತ ತಡವಾಗಿ, ಜೊತೆಗಾರನ ಮೇಲೆ.

ಮಾರ್ಕರ್ ರಾಕೆಟ್ಟನ್ನು ಒಮ್ಮೆಯೂ ಬೈಯಲಿಲ್ಲ, ಹೊಗಳಲೂ ಇಲ್ಲ. ಆರು ವಾರವೂ ಅವನದು ಒಂದೇ ಮಾತು, ಮರಾಠಿಯಲ್ಲಿ: "ಸರ್, ಪಾಯ್ ಹಲವಾ." ಕಾಲು ಆಡಿಸಿ.

ಇನ್ನೊಂದು ವಿಷಯ ತಪ್ಪು ಜಾಗಕ್ಕೆ ತಗಲಿದ ಬಾಲಿನದು. ಸ್ಟ್ರಿಂಗಿನ ನಟ್ಟನಡುವೆ ಬಿಟ್ಟು ಪಕ್ಕಕ್ಕೆ ತಗಲಿದರೆ ರಾಕೆಟ್ ಕೈಯಲ್ಲಿ ತಿರುಚುತ್ತದೆ. ಹೆಡ್ ಕಿರಿದಾದಷ್ಟೂ ಈ ತಿರುಚನ್ನು ತಡೆಯುವ ಬಲ ಸಾಮಾನ್ಯವಾಗಿ ಕಡಿಮೆ. ಬೇಸ್‌ಲೈನಿನಿಂದ ಬೇಸ್‌ಲೈನಿಗೆ 23.77 ಮೀಟರ್, ಬಾಲ್ ಹೊರಡುವ ದಿಕ್ಕಿನಲ್ಲಿ ಬರೀ 1 ಡಿಗ್ರಿ ತಪ್ಪಿದರೆ ಆಚೆ ಬದಿಯಲ್ಲಿ ಸುಮಾರು 40 ಸೆಂ.ಮೀ. ತಪ್ಪುತ್ತದೆ. 'ಕಂಟ್ರೋಲ್' ಎಂಬ ಹೆಸರಿನ ರಾಕೆಟ್ ಸರಿಯಾಗಿ ತಗಲಿದ ಬಾಲನ್ನು ನಿಯಂತ್ರಿಸುತ್ತದೆ, ತಪ್ಪಾಗಿ ತಗಲಿದ್ದನ್ನು ಹೆಚ್ಚು ಶಿಕ್ಷಿಸುತ್ತದೆ.

ಇದು ನಮ್ಮಂಥವರ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ರೋಜರ್ ಫೆಡರರ್ ಮೊದಲ 17 ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು 90 ಚದರ ಇಂಚಿನ ರಾಕೆಟ್ಟಿನಲ್ಲಿ. 2013ರಲ್ಲಿ, 32ರ ಹೊಸ್ತಿಲಲ್ಲಿ, ಹ್ಯಾಂಬರ್ಗ್ ಮತ್ತು ಗ್‌ಸ್ಟಾಡ್‌ನಲ್ಲಿ 98 ಹಿಡಿದು ನೋಡಿದರು, ಸೋತರು, ಮತ್ತೆ 90ಕ್ಕೆ ಹೋದರು. 2014ರಲ್ಲಿ 97ಕ್ಕೆ ಬಂದು ಅಲ್ಲೇ ನಿಂತರು. ಕೊನೆಯ ಮೂರು ಗ್ರ್ಯಾಂಡ್‌ಸ್ಲಾಮ್ ಬಂದದ್ದು ಅದರಲ್ಲಿ. ಅಂಥ ಕೈಗೂ ಏಳು ಚದರ ಇಂಚಿನ ಅನುಕೂಲ ಬೇಕಾಯಿತು. ನನ್ನ ವಯಸ್ಸಿನ ಇಂಜಿನಿಯರೊಬ್ಬ ಅಭಿಮಾನಕ್ಕಾಗಿ ಹೆಡ್ ಕಿರಿದು ಮಾಡಿಕೊಳ್ಳುವುದನ್ನು ನೋಡಿದಾಗ ನನಗೆ ನಗು ಬರುತ್ತದೆ. (ಸರ್ವ್ ಬಗ್ಗೆ ಕೇಳಬೇಡಿ. ಮೊದಲ ಸರ್ವಿನ ವೇಗ ಬ್ಲೇಡಿನಲ್ಲಿ ಕಡಿಮೆ, ಎರಡನೆಯದರ ನಂಬಿಕೆ ಹೆಚ್ಚು. ಡಬಲ್ಸ್‌ನಲ್ಲಿ ಲೆಕ್ಕ ಸಮ.)

ಈಗ ಗಟ್ಟಿಂಗ್. ಆರು ವಾರದಲ್ಲಿ ನನಗೆ ಹೆಚ್ಚು ಉಪಯೋಗವಾದದ್ದು ಇಲ್ಲಿ. ನಾಲ್ಕನೇ ವಾರ ಬ್ಲೇಡಿನ ಪಾಲಿಯೆಸ್ಟರ್ ಕಿತ್ತು ಮಲ್ಟಿಫಿಲಮೆಂಟ್ ಹಾಕಿಸಿದೆ, ಬಿಗಿ 50 ಪೌಂಡಿಗೆ ಇಳಿಸಿದೆ. ಪಾಲಿಯೆಸ್ಟರ್ ಒರಟು, ಬಿರುಸು. ಬಿರುಸಾಗಿ ಬೀಸುವವರಿಗೆ ಸ್ಪಿನ್ ಕೊಡುತ್ತದೆ, ಬೇಗ ಬಿಗಿ ಕಳೆದುಕೊಳ್ಳುತ್ತದೆ, ಕೈಗೆ ಪೆಟ್ಟು ಹೆಚ್ಚು. ಸಾವಿರಾರು ಸಣ್ಣ ಎಳೆಗಳ ಮಲ್ಟಿಫಿಲಮೆಂಟ್ ಮೃದು, ಬಾಲಿಗೆ ಶಕ್ತಿ ಜಾಸ್ತಿ ಕೊಡುತ್ತದೆ, ಬೇಗ ತುಂಡಾಗುತ್ತದೆ. ಬದಲಾವಣೆ ಎರಡನೇ ಗಂಟೆಯಲ್ಲಿ ಕಾಣಿಸಿತು. ದಣಿದ ಹೊಡೆತಗಳು ಹಗ್ಗದ ಹತ್ತಿರ ಹತ್ತಿರ ಬೀಳತೊಡಗಿದವು, ಹಲವು ಅದನ್ನು ದಾಟಿದವು. ಮೊದಲ ಗಂಟೆಯ ನಿಖರತೆ ಸ್ವಲ್ಪ ಹೋಯಿತು, ಹೋಗಲಿ.

ಹಾಗಾದರೆ ಇಪ್ಪತ್ತು ಸಾವಿರದ ರಾಕೆಟ್ ಯಾಕೆ, ಹಳೆಯ ಪ್ಯೂರ್ ಡ್ರೈವಿಗೇ ಮೃದು ಸ್ಟ್ರಿಂಗ್ ಹಾಕಿಸಿದರಾಯಿತಲ್ಲ? ಹಾಕಿಸಿದೆ, ನೋಡಿದೆ. ಕೈಗೆ ಹಿತವಾಯಿತು, ಬಾಲ್ ಬೇಲಿಗೆ ಹೋಯಿತು. ಪವರ್ ಫ್ರೇಮಿಗೆ ಮೃದು ಸ್ಟ್ರಿಂಗ್ ಸೇರಿದರೆ ಪವರ್ ಮೇಲೆ ಪವರ್. ಅದನ್ನು ಹಿಡಿದಿಡಲು ಬಿಗಿ ಏರಿಸಬೇಕು ಇಲ್ಲವೇ ಪಾಲಿಯೆಸ್ಟರಿಗೆ ಮರಳಬೇಕು, ಎರಡೂ ಮೊಣಕೈಗೆ ಒಳ್ಳೆಯದಲ್ಲ. ಬಾಗುವ ಫ್ರೇಮು, ಮೃದು ಸ್ಟ್ರಿಂಗು ಎರಡೂ ಕೈಗೆ ಹಿತ. ಒಂದು ಶಕ್ತಿ ಕಳೆಯುತ್ತದೆ, ಇನ್ನೊಂದು ಕೂಡಿಸುತ್ತದೆ. ಕಂಟ್ರೋಲ್ ಫ್ರೇಮಿನ ನಿಜವಾದ ಲಾಭ ಇದು: ಮೃದು ಸ್ಟ್ರಿಂಗ್ ಹಾಕಿಕೊಳ್ಳುವ ಸ್ವಾತಂತ್ರ್ಯ. ಜಾಹೀರಾತಿನಲ್ಲಿ ಇದನ್ನು ಬರೆಯುವುದಿಲ್ಲ. ಹಾಗೆಂದು ರಾಕೆಟ್ ಮದ್ದಲ್ಲ. ಕಾಫಿ ಲೋಟ ಎತ್ತಿದರೂ ಮೊಣಕೈ ನೋಯುವ ಹಂತದಲ್ಲಿದ್ದರೆ ರಾಕೆಟ್ ಅಂಗಡಿ ಬಿಟ್ಟು ವೈದ್ಯರ ಹತ್ತಿರ ಹೋಗಿ. ಸ್ಟ್ರಿಂಗಿನ ನಡುವೆ ಸಿಕ್ಕಿಸುವ ಆ ಸಣ್ಣ ರಬ್ಬರ್ ಡ್ಯಾಂಪ್ನರ್ ಸ್ಟ್ರಿಂಗಿನ ಸದ್ದನ್ನು ಬದಲಾಯಿಸುತ್ತದೆ, ಫ್ರೇಮಿನಿಂದ ಕೈಗೆ ಬರುವ ಅದುರನ್ನು ಅಲ್ಲ.

ಬೇರೆ ಬೇರೆ ಊರುಗಳಿಂದ ಓದುವವರಿಗೆ ಇನ್ನೊಂದು ಮಾತು. ನನ್ನ ತೀರ್ಪು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯದು. ಎತ್ತರ ಹೋದಷ್ಟೂ ಗಾಳಿ ತೆಳು, ಬಾಲಿಗೆ ತಡೆ ಕಡಿಮೆ, ಸ್ಪಿನ್ ಕೆಳಗೆ ಎಳೆಯುವ ಬಲವೂ ಕಡಿಮೆ. ಬಾಲ್ ಉದ್ದ ಹೋಗುತ್ತದೆ. ಸುಮಾರು 650 ಮೀಟರಿನ ಮ್ಯಾಡ್ರಿಡ್‌ನಲ್ಲಿ ಕ್ಲೇ ಮೇಲೂ ಬಾಲ್ ಹಾರುತ್ತದೆಂದು ಆಟಗಾರರು ಪ್ರತಿ ವರ್ಷ ಹೇಳುತ್ತಾರೆ. ನಮ್ಮ ಬೆಂಗಳೂರು ಅದಕ್ಕಿಂತ ಎತ್ತರ, 900 ಮೀಟರಿನ ಮೇಲೆ, ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. 1219 ಮೀಟರಿಗಿಂತ ಎತ್ತರದ ಊರುಗಳಿಗೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ನಿಯಮದಲ್ಲಿ ಬೇರೆ ಬಾಲ್‌ಗೇ ಅವಕಾಶ ಇದೆ. ಹಾಗಾಗಿ ರಜೆಗೆ ಬೆಂಗಳೂರಿಗೆ ಹೋದಾಗ ಅಣ್ಣನ ಅಪಾರ್ಟ್‌ಮೆಂಟಿನ ಕೋರ್ಟಿನಲ್ಲಿ ಯಾರದೋ ಬ್ಲೇಡ್ ಹಿಡಿದು, 'ಇದೇ ಬೇಕು' ಎಂದು ನಿರ್ಧರಿಸಿ ಚೆನ್ನೈಗೋ ಮುಂಬೈಗೋ ತಂದರೆ ಅದೇ ರಾಕೆಟ್ ಇಲ್ಲಿ ಮಂಕಾಗಿ ಕಾಣುತ್ತದೆ. ಕಡಲತೀರದವರು ಬಿಗಿಯನ್ನು ಎರಡು-ಮೂರು ಪೌಂಡ್ ಇಳಿಸಿ ಶುರುಮಾಡಿ. ಹೈದರಾಬಾದಿನವರಿಗೆ ಪುಣೆಯ ಲೆಕ್ಕವೇ ಆದೀತು. ದೆಹಲಿಯವರು ಕಡಲತೀರಕ್ಕೆ ಹತ್ತಿರ, ಜನವರಿಯ ಚಳಿಯಲ್ಲಂತೂ ಬಾಲ್ ಕಲ್ಲಾಗಿರುತ್ತದೆ.

ಪುಣೆಯವರಿಗೆ ಒಂದು ನೆನಪು. ಬಾಲೆವಾಡಿಯ ಕ್ರೀಡಾಂಗಣದಲ್ಲಿ ಕೊಡಗಿನ ರೋಹನ್ ಬೋಪಣ್ಣ 2019ರಲ್ಲಿ ದಿವಿಜ್ ಶರಣ್ ಜೊತೆ, 2022ರಲ್ಲಿ ರಾಮ್‌ಕುಮಾರ್ ರಾಮನಾಥನ್ ಜೊತೆ ಡಬಲ್ಸ್ ಗೆದ್ದರು. 2024ರಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್. ಅವರ ಡಬಲ್ಸ್ ನೋಡಿದವರಿಗೆ ಗೊತ್ತು, ದೊಡ್ಡ ಸರ್ವ್, ನೆಟ್ಟಿನ ಹತ್ತಿರ ಎರಡು ಹೊಡೆತ, ಪಾಯಿಂಟ್ ಮುಗಿಯಿತು. ಪಾಯಿಂಟ್ ಚಿಕ್ಕದಾದಷ್ಟೂ ಕಾಲಿಗೆ ಆಯಸ್ಸು. ಈ ವಯಸ್ಸಿನಲ್ಲಿ ಕಂಟ್ರೋಲ್ ರಾಕೆಟ್ ಹಿಡಿಯುವವನು ಆಡಬೇಕಾದದ್ದು ಇಂಥ ಆಟ. ಬೇಸ್‌ಲೈನಿನಲ್ಲಿ ನಿಂತು ಇಪ್ಪತ್ತು ಹೊಡೆತದ ರ್‍ಯಾಲಿ ಆಡುವ ಆಸೆ ಇದ್ದರೆ, ಅಥವಾ ಹೆಚ್ಚಾಗಿ ಸಿಂಗಲ್ಸ್ ಆಡುವವರಾದರೆ, ಇದೇ ಸರಣಿಯಲ್ಲಿ 100 ಚದರ ಇಂಚಿನ, 300 ಗ್ರಾಮಿನ ಬ್ಲೇಡ್ ಇದೆ, ಅದನ್ನು ಮೊದಲು ನೋಡಿ. 18 ಉದ್ದ 20 ಅಡ್ಡ ಸ್ಟ್ರಿಂಗಿನ 98ನ್ನು ನಿಮ್ಮ ಕ್ಲಬ್ಬಿನ ಅತಿ ಒಳ್ಳೆಯ ಆಟಗಾರನಿಗೆ ಬಿಡಿ.

ಕಾಕಾ ಕೈಗೂ ಒಂದು ಭಾನುವಾರ ಕೊಟ್ಟಿದ್ದೆ. ಎರಡು ಗೇಮ್ ಆಡಿ ವಾಪಸ್ ಕೊಟ್ಟರು. "ಛಲೋ ಐತ್ರಿ. ಆದ್ರ ಇದು ನಮ್ಮ ಮ್ಯಾಲೆ ಭಾಳ ಕೆಲಸಾ ಹಚ್ಚತೈತಿ." ಅವರ ಬೀಸು ಚಿಕ್ಕದು, ಮಣಿಕಟ್ಟಿನದು, ಮೂವತ್ತು ವರ್ಷದ ಅಭ್ಯಾಸ. ಹಗುರಾದ, ದೊಡ್ಡ ಹೆಡ್ಡಿನ ಅವರ ಹಳೆಯ ರಾಕೆಟ್ಟೇ ಅವರಿಗೆ ಸರಿ. ಯಾರು ಏನೇ ಹೇಳಿದರೂ ಬದಲಾಯಿಸಬೇಡಿ ಎಂದು ಹೇಳಿದ್ದೇನೆ.

ನಾನು ಬ್ಲೇಡ್ 98 ಕೊಂಡೆ. ನನ್ನ ಆಟದ ಹತ್ತರಲ್ಲಿ ಎಂಟು ಪಾಲು ಡಬಲ್ಸ್, ನೆಟ್ಟಿಗೆ ಓಡುವ ಚಟವೂ ಇದೆ, ಆದ್ದರಿಂದ. ಮಲ್ಟಿಫಿಲಮೆಂಟ್, 50 ಪೌಂಡ್. ಏಪ್ರಿಲ್-ಮೇ ಸೆಕೆಗೆ 52. ಹೆಡ್ಡಿನ ಎರಡೂ ಪಕ್ಕ, ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ, ಎರಡೆರಡು ಗ್ರಾಂ ಸೀಸದ ಪಟ್ಟಿ ಅಂಟಿಸಿದ್ದೇನೆ, ತಿರುಚು ಕಡಿಮೆಯಾಗಲು. ಪ್ಯೂರ್ ಡ್ರೈವ್ ಮಾರಿಲ್ಲ. ಅಕ್ಕನ ಮಗ ಓದಲು ಪುಣೆಗೆ ಬರುತ್ತಿದ್ದಾನೆ, ಹದಿನೆಂಟರ ಹುಡುಗ, ಅವನಿಗೆ ಕೊಡುತ್ತೇನೆ. ಗಟ್ಟಿಂಗ್ ಮಾತ್ರ ಬದಲಾಯಿಸಬೇಕು.